ಅಂಕಪಟ್ಟಿಯೂ ಆಟದ ಬಯಲೂ

ಶಾಲೆಯ ನೂರು ವರ್ಷಗಳ ಕ್ರೀಡಾ ಚರಿತ್ರೆಯನ್ನು ಬರೆದುಕೊಡಬೇಕೆಂದು ಈ ಸಂಪುಟದ ಸಂಪಾದಕ ಸಮಿತಿಯವರು ನಮ್ಮನ್ನು ಕೇಳಿಕೊಂಡಾಗ, ಒಪ್ಪಿಕೊಂಡ ಬಳಿಕವೇ ನಮಗೆ ಆ ಕೆಲಸದ ಕಷ್ಟ ಅರಿವಾಯಿತು. ಪರೀಕ್ಷೆಯ ಫಲಿತಾಂಶಗಳು ದಾಖಲೆ ಪುಸ್ತಕಗಳಲ್ಲಿ ಸಾಲುಸಾಲಾಗಿವೆ. ಆಟದ ವಿಷಯದಲ್ಲಿ ಉಳಿದಿರುವುದು ಕೆಲವು ಗುಂಪುಚಿತ್ರಗಳು, ಬಣ್ಣ ಮಾಸಿದ ಒಂದೆರಡು ಬಟ್ಟಲುಗಳು, ಮತ್ತು ವ್ಯಾಯಾಮ ಶಿಕ್ಷಕರು ಇರಿಸಿಕೊಂಡಿದ್ದ ಒಂದು ರಟ್ಟಿನ ಹೊದಿಕೆಯ ನೋಟುಪುಸ್ತಕ. ಆ ನೋಟುಪುಸ್ತಕವೇ ಈ ಲೇಖನಕ್ಕೆ ಕಾರಣ. ಅದರಲ್ಲಿ ಕಾಲ್ಚೆಂಡಾಟದ ತಂಡದ ಪ್ರತಿಯೊಬ್ಬ ಹುಡುಗನ ಹೆಸರಿನ ಎದುರು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಲಾಗಿದೆ. ಹಾಗೆ ಅಂಕ ಕೊಡಿಸಿದವರು ನಾವೇ. ಅದರಿಂದ ಆದುದನ್ನು ಕಡೆಯಲ್ಲಿ ಹೇಳುತ್ತೇವೆ. ಅದಕ್ಕೆ ಮೊದಲು, ಆಟವನ್ನು ಅಂಕೆಗಳಿಂದ ಅಳೆಯುವ ಪದ್ಧತಿ ಎಲ್ಲಿಂದ ಬಂದಿತು, ಅದು ನಮ್ಮ ನಾಡಿನ ಆಟಗಾರರ ವಿಷಯದಲ್ಲಿ ಏನನ್ನು ತೋರಿಸಿತು, ಏನನ್ನು ಮರೆಮಾಚಿತು ಎಂಬುದನ್ನು ಪರಿಶೀಲಿಸುವುದು ಉಚಿತವೆಂದು ಭಾವಿಸಿದ್ದೇವೆ.

ಕೆತ್ತಿಯಲ್ಲಿ ಶಾಲೆಯೆಂಬುದು ಮೊದಲಿಗೆ ಕನ್ನಡದಲ್ಲಿಯೇ ಆರಂಭವಾಯಿತೆಂಬುದನ್ನು ಈ ತಲೆಮಾರಿನ ಪೋಷಕರು ಅರಿಯದಿರಬಹುದು. ಮದರಾಸು ಸರ್ಕಾರದ ನಿವೃತ್ತ ಅಧಿಕಾರಿ ಕ್ಯಾಸಮೇಜರ್ ಈ ಕಣಿವೆಯಲ್ಲಿ ನೆಲೆಸಿ, ಕನ್ನಡ ಕಲಿತು, ಬಡಗ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. 1846ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿಗೆ ಬಂದರು. 1849ರಲ್ಲಿ ತೀರಿಕೊಂಡ ಕ್ಯಾಸಮೇಜರ್ ತಮ್ಮ ಆಸ್ತಿಯನ್ನು ಆ ಮಿಷನ್ನಿಗೇ ಬಿಟ್ಟುಹೋದರು. ಕನ್ನಡ ಬೈಬಲ್ ಅನುವಾದದಲ್ಲಿ ದುಡಿದ ವೈಗಲ್ ಅವರೂ ಇಲ್ಲಿದ್ದವರು. ಬಡಗರ ಮನೆಮಾತು ಕನ್ನಡಕ್ಕೆ ಹತ್ತಿರದ ನುಡಿಯಾದುದರಿಂದ ಕನ್ನಡವೇ ಪಾಠದ ಭಾಷೆಯಾಯಿತು. ಅದು ಬೇರೊಂದು ಲೇಖನದ ವಸ್ತು. ಇಲ್ಲಿ ನಮಗೆ ಬೇಕಾದುದು ಅಂಕದ ಮಾತು.

1860ರ ದಶಕದಿಂದ ಮದರಾಸು ಪ್ರಾಂತದಲ್ಲಿ ಫಲಿತಾಂಶವನ್ನು ನೋಡಿ ಅನುದಾನ ಕೊಡುವ ಪದ್ಧತಿಯೊಂದು ಬಳಕೆಯಲ್ಲಿತ್ತು. ಇನ್‌ಸ್ಪೆಕ್ಟರರು ಬಂದು ಮಕ್ಕಳನ್ನು ಪರೀಕ್ಷಿಸುವರು. ತೇರ್ಗಡೆಯಾದ ತಲೆಗಳ ಲೆಕ್ಕದಂತೆ ಶಾಲೆಗೆ ಹಣ. ಇಂಗ್ಲೆಂಡಿನಲ್ಲಿ 1862ರಲ್ಲಿ ಜಾರಿಗೆ ಬಂದ ನಿಯಮದ ನೆರಳು ಅದು. ಪರಿಣಾಮ ಏನಾಯಿತೆಂಬುದನ್ನು ಯಾವ ಶಿಕ್ಷಕರಿಗೂ ಬಿಡಿಸಿ ಹೇಳಬೇಕಾಗಿಲ್ಲ: ಇನ್‌ಸ್ಪೆಕ್ಟರರು ಕೇಳುವುದನ್ನು ಮಾತ್ರ ಕಲಿಸಿದರು, ಕೇಳದುದನ್ನು ಬಿಟ್ಟರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಪದ್ಧತಿಯನ್ನು ಕೈಬಿಡಲಾಯಿತು. ನಮ್ಮ ಶಾಲೆ ಹುಟ್ಟುವ ವೇಳೆಗೆ ಅದು ಮುಗಿದ ಕಥೆ. ಆದರೆ ಅಳೆಯಬಹುದಾದುದನ್ನೇ ಮುಖ್ಯವೆಂದು ತಿಳಿಯುವ ಅಭ್ಯಾಸ ಮಾತ್ರ ಮುಗಿಯಲಿಲ್ಲ.

ಅಂಕವೆಂಬುದು ಎಷ್ಟು ಒಪ್ಪಂದದ ವಸ್ತು ಎನ್ನುವುದಕ್ಕೆ ಒಂದು ಸ್ವಾರಸ್ಯದ ನಿದರ್ಶನವಿದೆ. ಬಾಸೆಲ್ ಪಟ್ಟಣವಿರುವುದು ಸ್ವಿಟ್ಜರ್ಲೆಂಡಿನಲ್ಲಿ, ಜರ್ಮನಿಯ ಗಡಿಗೆ ತಾಗಿಕೊಂಡು. ಇಂದು ಸ್ವಿಟ್ಜರ್ಲೆಂಡಿನ ಶಾಲೆಗಳಲ್ಲಿ 6 ಎಂದರೆ ಅತ್ಯುತ್ತಮ, 1 ಎಂದರೆ ಅಧಮ. ಗಡಿ ದಾಟಿ ಜರ್ಮನಿಗೆ ಹೋದರೆ 1 ಅತ್ಯುತ್ತಮ, 6 ಅಧಮ. ನಡೆದು ತಲುಪಬಹುದಾದ ದೂರದಲ್ಲಿ ಜಾಣನು ದಡ್ಡನಾಗುತ್ತಾನೆ, ದಡ್ಡನು ಜಾಣನಾಗುತ್ತಾನೆ! ಜರ್ಮನಿಯ ಪ್ರಸಿದ್ಧ ಕ್ರೀಡಾ ಪತ್ರಿಕೆ 'ಕಿಕರ್' ಪ್ರತಿ ಪಂದ್ಯದ ನಂತರ ಆಟಗಾರರಿಗೆ ದರ್ಜೆ ಕೊಡುವುದು ಇದೇ ಶಾಲಾ ಕ್ರಮದಲ್ಲಿ, 1ರಿಂದ 6ರವರೆಗೆ. ಇಟಲಿಯ ಪತ್ರಿಕೆಗಳು ಹತ್ತಕ್ಕೆ ಅಂಕ ಕೊಡುತ್ತವೆ. ಅಲ್ಲಿನ ಶಾಲೆಗಳಲ್ಲಿ ತೇರ್ಗಡೆಗೆ 6 ಬೇಕು, ಆಟಗಾರನಿಗೂ 6 ಬಂದರೆ ಪರವಾಗಿಲ್ಲ ಎಂದರ್ಥ. ಆ ಅಂಕಣಕ್ಕೆ ಅವರು ಇಟ್ಟಿರುವ ಹೆಸರು 'ಪಜೆಲ್ಲೆ', ಅಂದರೆ ಮಕ್ಕಳ ಪ್ರಗತಿಪತ್ರ. ಲಕ್ಷಾಂತರ ಜನರ ಮುಂದೆ ಆಡುವ ದೊಡ್ಡವರೂ ಸೋಮವಾರ ಬೆಳಿಗ್ಗೆ ಪ್ರಗತಿಪತ್ರಕ್ಕಾಗಿ ಕಾಯುವ ಮಕ್ಕಳೇ ಎಂಬುದನ್ನು ಓದಿದಾಗ ನಮಗೆ ನಗು ಬಂದಿತ್ತು.

ದರ್ಜೆ ಕೊಡುವುದು ಒಂದು ಬಗೆ, ಎಣಿಸುವುದು ಇನ್ನೊಂದು. ಎಣಿಕೆಯನ್ನು ವ್ರತದಂತೆ ನಡೆಸಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಚಾರ್ಲ್ಸ್ ರೀಪ್. ವಾಯುಪಡೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದ ಅವರು 1950ರ ಮಾರ್ಚ್ ತಿಂಗಳಲ್ಲಿ ಸ್ವಿಂಡನ್ ಪಟ್ಟಣದ ಒಂದು ಪಂದ್ಯದ ನಡುವೆ ಪೆನ್ಸಿಲು ಹಿಡಿದು ಪ್ರತಿಯೊಂದು ದಾಳಿಯನ್ನೂ ಗುರುತು ಹಾಕಲು ತೊಡಗಿದರು. ದಶಕಗಳ ಕಾಲ ಬಿಡಲಿಲ್ಲ. 1968ರಲ್ಲಿ ಬೆಂಜಮಿನ್ ಎಂಬವರೊಡನೆ ಇಂಗ್ಲೆಂಡಿನ ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲಿ ತಮ್ಮ ಲೆಕ್ಕಗಳನ್ನು ಪ್ರಕಟಿಸಿದರು. ಶೇ. 80ರಷ್ಟು ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸುಗಳ ದಾಳಿಯಿಂದ ಬರುತ್ತವೆ. ಆದುದರಿಂದ ಚೆಂಡನ್ನು ಹೆಚ್ಚು ಹಂಚಿಕೊಳ್ಳದೆ ಉದ್ದಕ್ಕೆ ಮುಂದಕ್ಕೆ ಒದೆಯುವುದೇ ಲೇಸು ಎಂಬುದು ಅವರ ತೀರ್ಮಾನವಾಗಿತ್ತು. ಇಂಗ್ಲೆಂಡಿನ ಅನೇಕ ತಂಡಗಳು ಅದನ್ನು ನಂಬಿದವು.

ತಪ್ಪು ಎಲ್ಲಿತ್ತು? ಮೂರು ಅಥವಾ ಕಡಿಮೆ ಪಾಸುಗಳ ದಾಳಿಗಳು ಒಟ್ಟು ದಾಳಿಗಳಲ್ಲಿ ಶೇ. 90ಕ್ಕೂ ಹೆಚ್ಚು ಇದ್ದವು. ಇದನ್ನು ನಾವು ಹತ್ತನೆಯ ತರಗತಿಯ ಮಕ್ಕಳಿಗೆ ಹೀಗೆ ಬಿಡಿಸಿ ಹೇಳುವುದುಂಟು. ನೂರು ಮಕ್ಕಳಲ್ಲಿ 90 ಮಂದಿ ನಡೆದು ಶಾಲೆಗೆ ಬರುವವರು, 10 ಮಂದಿ ಬಸ್ಸಿನಲ್ಲಿ ಬರುವವರು ಎಂದಿಟ್ಟುಕೊಳ್ಳಿ. ಮೊದಲ ದರ್ಜೆ ಪಡೆದ ಹತ್ತು ಮಂದಿಯಲ್ಲಿ 8 ಮಂದಿ ನಡೆದು ಬಂದವರು. ಹಾಗಾದರೆ ನಡೆಯುವುದರಿಂದ ದರ್ಜೆ ಬರುತ್ತದೆಯೆ? ನಡೆದವರಲ್ಲಿ ಹನ್ನೊಂದಕ್ಕೊಬ್ಬರಿಗೆ ದರ್ಜೆ ಬಂದರೆ, ಬಸ್ಸಿನವರಲ್ಲಿ ಐವರಿಗೊಬ್ಬರಿಗೆ ಬಂದಿದೆ. ರೀಪ್ ಅವರ ಎಣಿಕೆಯಲ್ಲಿ ದೋಷವಿರಲಿಲ್ಲ. ಎಣಿಸಿದ ಮೇಲೆ ಯಾವುದನ್ನು ಯಾವುದರಿಂದ ಭಾಗಿಸಬೇಕು ಎಂಬಲ್ಲಿ ದೋಷವಿತ್ತು.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಬೆಂಗಳೂರಿನ ದಂಡುಪ್ರದೇಶದ ಬಯಲುಗಳಲ್ಲಿ ಸೈನಿಕರ ಆಟವನ್ನು ನೋಡಿ ಕಲಿತ ಹುಡುಗರು ಒಂದು ಕಾಲಕ್ಕೆ ಭಾರತದ ತಂಡದ ಬೆನ್ನೆಲುಬಾಗಿದ್ದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅಲ್ಲಿಯವರೆಗೆ ಯಾವ ಭಾರತೀಯ ತಂಡವೂ ಅದನ್ನು ಗೆದ್ದಿರಲಿಲ್ಲ. ರಾಜ್ಯಗಳ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದಿತು. ನಾಲ್ಕು ಬಾರಿಯೂ ಅಂತಿಮ ಪಂದ್ಯದಲ್ಲಿ ಸೋತ ತಂಡ ಬಂಗಾಳ. 'ನಾಲ್ಕು ಪ್ರಶಸ್ತಿ' ಎಂಬ ಅಂಕೆಗಿಂತ 'ಎದುರಾಳಿ ಯಾರು' ಎಂಬುದು ಹೆಚ್ಚಿನದನ್ನು ಹೇಳುತ್ತದೆ, ಏಕೆಂದರೆ ಆ ಪ್ರಶಸ್ತಿಯನ್ನು ಅತಿ ಹೆಚ್ಚು ಸಲ ಗೆದ್ದ ತಂಡ ಬಂಗಾಳವೇ.

1948ರ ಲಂಡನ್ ಒಲಿಂಪಿಕ್ಸ್ ತಂಡದಲ್ಲಿ ಗೋಲ್‌ಕೀಪರ್ ವರದರಾಜ್, ಬಷೀರ್, ವಜ್ರವೇಲು, ಅಹಮದ್ ಖಾನ್, ಸಾರಂಗಪಾಣಿ ರಾಮನ್ ಇವರೆಲ್ಲ ಬೆಂಗಳೂರಿನವರು. ಜುಲೈ 31ರಂದು ಫ್ರಾನ್ಸಿನ ಎದುರು ನಡೆದ ಪಂದ್ಯ ಸ್ವತಂತ್ರ ಭಾರತ ಒಲಿಂಪಿಕ್ಸಿನಲ್ಲಿ ಆಡಿದ ಮೊದಲ ಕಾಲ್ಚೆಂಡು ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. 30ನೆಯ ನಿಮಿಷದಲ್ಲಿ ಫ್ರಾನ್ಸ್ ಮುಂದಾಯಿತು. 70ನೆಯ ನಿಮಿಷದಲ್ಲಿ ರಾಮನ್ ಸಮ ಮಾಡಿದರು. 89ನೆಯ ನಿಮಿಷದಲ್ಲಿ ಫ್ರಾನ್ಸ್ ಎರಡನೆಯ ಗೋಲು ಹೊಡೆಯಿತು. ಸೋಲು, 1-2. ಇದರ ನಡುವೆ ಭಾರತಕ್ಕೆ ದೊರೆತ ಎರಡು ಪೆನಾಲ್ಟಿಗಳು ವ್ಯರ್ಥವಾದವು.

ಈ ಪಂದ್ಯವನ್ನು ಇಂದಿನ ಅಂಕೆಗಳ ರೀತಿಯಲ್ಲಿ ಪರೀಕ್ಷಿಸೋಣ. ಈಗಿನ ವಿಶ್ಲೇಷಕರು ಪ್ರತಿಯೊಂದು ಅವಕಾಶಕ್ಕೂ ಅದು ಗೋಲಾಗುವ ಸಂಭವವನ್ನು ಕಟ್ಟಿ ಕೂಡಿಸುತ್ತಾರೆ. ಪೆನಾಲ್ಟಿಗಳು ಸ್ಥೂಲವಾಗಿ ನಾಲ್ಕರಲ್ಲಿ ಮೂರು ಗೋಲಾಗುತ್ತವೆ. ಹಾಗಾದರೆ ಎರಡು ಪೆನಾಲ್ಟಿಗಳ ಬೆಲೆ ಒಂದೂವರೆ ಗೋಲು. ಎರಡೂ ತಪ್ಪಿಹೋಗುವ ಸಂಭವ ಹದಿನಾರರಲ್ಲಿ ಒಂದು. ಆ ಹದಿನಾರನೆಯ ದಿನವೇ ನಮ್ಮ ಪಾಲಿಗೆ ಬಂದಿತ್ತು. ಬರಿಗಾಲಿನಿಂದ ಸೋತರು ಎಂಬ ಮಾತನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಈ ಪಂದ್ಯದ ಮಟ್ಟಿಗೆ ನಮಗೆ ಅದು ಒಪ್ಪಿಗೆಯಿಲ್ಲ. ಎರಡು ಪೆನಾಲ್ಟಿ ಗಳಿಸುವಷ್ಟು ಎದುರಾಳಿಯ ಗೋಲಿನ ಮುಂದೆ ಚೆಂಡನ್ನು ಆಡಿಸಿದ ತಂಡವದು. ಪೆನಾಲ್ಟಿ ತಪ್ಪಿದುದಕ್ಕೂ ಬರಿಗಾಲೇ ಕಾರಣವೆಂದು ಯಾರಾದರೂ ವಾದಿಸಿಯಾರು. ಆದರೆ ಅದೇ ಬರಿಗಾಲುಗಳ ತಂಡ ಫ್ರಾನ್ಸನ್ನು 89ನೆಯ ನಿಮಿಷದವರೆಗೆ ಸಮದಲ್ಲಿ ಹಿಡಿದಿತ್ತು ಎಂಬುದಕ್ಕೂ ಅವರು ಉತ್ತರ ಕೊಡಬೇಕಾಗುತ್ತದೆ.

ಬರಿಗಾಲಿನ ಪ್ರಶ್ನೆ ಎದ್ದದ್ದು 1952ರ ಹೆಲ್ಸಿಂಕಿಯಲ್ಲಿ. ಚಳಿಯಲ್ಲಿ ಯುಗೊಸ್ಲಾವಿಯದ ಎದುರು ಭಾರತ 1-10ರಿಂದ ಸೋತಿತು. ಭಾರತದ ಒಂದೇ ಗೋಲನ್ನು ಹೊಡೆದವರು ಅಹಮದ್ ಖಾನ್. ಈ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಆ ಯುಗೊಸ್ಲಾವಿಯ ಮುಂದೆ ಸೋವಿಯತ್ ಒಕ್ಕೂಟದೊಡನೆ 5-5ರಲ್ಲಿ ಸಮಮಾಡಿಕೊಂಡು, ಮರುಪಂದ್ಯದಲ್ಲಿ 3-1ರಿಂದ ಗೆದ್ದು, ಅಂತಿಮ ಪಂದ್ಯದವರೆಗೆ ಹೋಗಿ ಹಂಗೆರಿಗೆ ಸೋತು ಬೆಳ್ಳಿಯ ಪದಕ ಪಡೆಯಿತು. ಸೋವಿಯತ್ ತಂಡಕ್ಕೇ ಎರಡು ಪಂದ್ಯಗಳಲ್ಲಿ ಎಂಟು ಗೋಲು ಹೊಡೆದವರು ಅವರು. ನಮ್ಮ ಹತ್ತನ್ನು ಈ ಎಂಟರ ಪಕ್ಕದಲ್ಲಿ ಇಟ್ಟು ಓದಬೇಕು.

ಈಗ ಇಬ್ಬರ ಅಂಕಪಟ್ಟಿಗಳನ್ನು ನೋಡಿ. ರಾಮನ್, 1948: ಒಂದು ಪಂದ್ಯ, ಒಂದು ಗೋಲು, ತಂಡಕ್ಕೆ ಸೋಲು. ಅಹಮದ್ ಖಾನ್, 1952: ಒಂದು ಪಂದ್ಯ, ಒಂದು ಗೋಲು, ತಂಡಕ್ಕೆ ಸೋಲು. ಕಾಗದದ ಮೇಲೆ ಎರಡು ಸಾಲುಗಳಿಗೆ ಕೂದಲೆಳೆಯ ವ್ಯತ್ಯಾಸವಿಲ್ಲ. ಒಬ್ಬರ ಗೋಲು ಪಂದ್ಯವನ್ನು ಬದುಕಿಸಿದ್ದು. ಇನ್ನೊಬ್ಬರದು ಎಲ್ಲ ಮುಗಿದ ಮೇಲೆಯೂ ಓಡುವುದನ್ನು ನಿಲ್ಲಿಸದವರ ಗೋಲು. ನಮ್ಮನ್ನು ಕೇಳಿದರೆ ರಾಮನ್ ಅವರಿಗೆ ಹತ್ತಕ್ಕೆ ಎಂಟು ಕೊಡುತ್ತೇವೆ. ಅಹಮದ್ ಖಾನ್ ಅವರಿಗೆ ಆ ಒಂದು ದಿನದ ಮೇಲೆ ಅಂಕ ಹಾಕಲು ನಾವು ಒಪ್ಪುವುದಿಲ್ಲ. ಈಸ್ಟ್ ಬೆಂಗಾಲ್ ತಂಡದ ಐವರು ಮುಂಚೂಣಿ ಆಟಗಾರರನ್ನು ಕಲ್ಕತ್ತೆಯ ಜನ 'ಪಂಚಪಾಂಡವರು' ಎಂದು ಕರೆಯುತ್ತಿದ್ದರು; ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೇ ಇವರೊಡನೆ ಐದನೆಯವರು ಅಹಮದ್ ಖಾನ್. ಧನರಾಜ್ ಕೂಡ ಬೆಂಗಳೂರಿನಿಂದ ಹೋದವರು. ಐವರ ನಡುವೆ ಚೆಂಡು ಕೈಯಿಂದ ಕೈಗೆ ದಾಟುವಂತೆ ಕಾಲಿಂದ ಕಾಲಿಗೆ ದಾಟುತ್ತಿತ್ತಂತೆ. ಗೋಲು ಹೊಡೆದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಅದಕ್ಕೆ ಮೂರು ಪಾಸು ಹಿಂದೆ ಚೆಂಡನ್ನು ತಿರುಗಿಸಿದವನ ಹೆಸರಿಗೆ ಅಂದಿನ ಲೆಕ್ಕದಲ್ಲಿ ಕಲಮೇ ಇರಲಿಲ್ಲ.

ಮೆಲ್ಬರ್ನಿನಲ್ಲಿ 1956ರಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಭಾರತದ ಒಲಿಂಪಿಕ್ಸ್ ಕಾಲ್ಚೆಂಡಿನಲ್ಲಿ ಅದಕ್ಕಿಂತ ಮೇಲಿನ ಸ್ಥಾನ ಇಂದಿಗೂ ಇಲ್ಲ. 1960ರ ರೋಮಿನಲ್ಲಿ ತನ್ನ ಗುಂಪಿನಲ್ಲಿ ಕಡೆಯ ಸ್ಥಾನ. ಸ್ಥಾನವನ್ನು ಬದಿಗಿಟ್ಟು ಪಂದ್ಯಗಳನ್ನು ಎಣಿಸಿದರೆ ಚಿತ್ರ ಬೇರೆ. ಮೆಲ್ಬರ್ನಿನ ಮೊದಲ ಸುತ್ತಿನಲ್ಲಿ ಹಂಗೆರಿ ಬಾರದೆ ಭಾರತ ಆಡದೆಯೇ ಮುಂದೆ ಹೋಯಿತು. ನೆವಿಲ್ ಡಿಸೋಜಾ ಅವರ ಮೂರು ಗೋಲುಗಳಿಂದ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿತು. ಸೆಮಿಫೈನಲಿನಲ್ಲಿ ಮೊದಲ ಗೋಲನ್ನು ತಾನೇ ಹೊಡೆದೂ ಯುಗೊಸ್ಲಾವಿಯಕ್ಕೆ 1-4ರಿಂದ ಸೋತಿತು. ಕಂಚಿಗಾಗಿ ಬಲ್ಗೇರಿಯದೊಡನೆ 0-3. ಆಡಿದ್ದು ಮೂರು ಪಂದ್ಯ, ಗೆದ್ದದ್ದು ಒಂದು, ಹೊಡೆದ ಗೋಲು 5, ಬಿಟ್ಟುಕೊಟ್ಟದ್ದು 9. ರೋಮಿನಲ್ಲಿ ಹಂಗೆರಿಯ ಎದುರು 1-2, ಫ್ರಾನ್ಸಿನ ಎದುರು 1-1, ಪೆರುವಿನ ಎದುರು 1-3. ಮೂರು ಪಂದ್ಯ, ಒಂದು ಸಮ, ಹೊಡೆದದ್ದು 3, ಬಿಟ್ಟುಕೊಟ್ಟದ್ದು 6. ಆ ಹಂಗೆರಿ ಕಂಚು ಪಡೆದ ತಂಡ. ಹನ್ನೆರಡು ವರ್ಷಗಳ ಹಿಂದೆ ಸೋಲಿಸಿದ್ದ ಫ್ರಾನ್ಸಿನೊಡನೆ ಸಮ. ಗೆಲುವಿಲ್ಲದ ರೋಮಿನ ತಂಡವೇ ಮೇಲು ಎಂದು ನಾವು ಹೇಳಿದರೆ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮುನಿಯಬಹುದು. ಮುನಿಯಲಿ. ಶ್ರೇಣಿ ಬೇರೆ, ಸಾಧನೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮಗೆ ಸಿಕ್ಕಿಲ್ಲ.

ಮೆಲ್ಬರ್ನಿನ ತಂಡದಲ್ಲಿ ನಮ್ಮ ಮೈಸೂರಿನ ಕೆಂಪಯ್ಯ ಇದ್ದರು. ಅವರು ಹಾಫ್‌ಬ್ಯಾಕ್. ಆ ಸ್ಥಾನದಲ್ಲಿ ಆಡುವವನ ಕೆಲಸ ಎದುರಾಳಿಯ ದಾಳಿಯನ್ನು ಆರಂಭದಲ್ಲೇ ಕೆಡಿಸುವುದು, ಚೆಂಡನ್ನು ತನ್ನವರಿಗೆ ದಾಟಿಸುವುದು. ಚೆನ್ನಾಗಿ ಮಾಡಿದಷ್ಟೂ ಏನೂ ನಡೆಯಲಿಲ್ಲವೆಂದು ತೋರುವ ಕೆಲಸವದು. ನಡೆಯದೆ ಹೋದ ಗೋಲನ್ನು ಯಾವ ಪಟ್ಟಿಯಲ್ಲಿ ಬರೆಯುವುದು? ಬೆಂಗಳೂರಿನ ಅರುಮೈನಾಯಗಂ ಇದ್ದ 1962ರ ತಂಡ ಜಕಾರ್ತದ ಏಷ್ಯನ್ ಕ್ರೀಡಾಕೂಟದ ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಕ್ಕೆ 0-2ರಿಂದ ಸೋತು, ಕಡೆಯ ಪಂದ್ಯದಲ್ಲಿ ಅದೇ ಕೊರಿಯವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಿತು. ಮೊದಲ ಕಿರುಪರೀಕ್ಷೆಯ ಅಂಕ ನೋಡಿ ಮಗುವಿನ ಭವಿಷ್ಯ ನುಡಿಯುವ ಪೋಷಕರು ಆ ತಂಡದ ಪೋಷಕರಾಗಿರಲಿಲ್ಲವೆಂಬುದು ನಮ್ಮ ಭಾಗ್ಯ.

ಆಮೇಲಿನದು ಬಹುಮಟ್ಟಿಗೆ ಕ್ಷೀಣದೆಸೆ. 1968-69ರ ನಂತರ ಸಂತೋಷ್ ಟ್ರೋಫಿ ಮತ್ತೆ ಕರ್ನಾಟಕಕ್ಕೆ ಬಂದದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದಿನಲ್ಲಿ, ಮೇಘಾಲಯದ ಎದುರು 3-2ರಿಂದ. ನಡುವೆ 54 ವರ್ಷಗಳು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ರಾಷ್ಟ್ರೀಯ ಲೀಗನ್ನು ಗೆದ್ದು, 2016ರಲ್ಲಿ ಏಷ್ಯದ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿದ ಮೊದಲ ಭಾರತೀಯ ತಂಡವಾಯಿತು. ನಮ್ಮ ಮಕ್ಕಳು ಮೊಬೈಲಿನಲ್ಲಿ ಅದರ ಆಟಗಾರರ ದರ್ಜೆಗಳನ್ನು ಪಂದ್ಯ ನಡೆಯುತ್ತಿರುವಾಗಲೇ ನೋಡುತ್ತಾರೆ.

ಅಲ್ಲಿಂದಲೇ ನಮ್ಮ ತಪ್ಪೂ ಆರಂಭವಾಯಿತು. ಮಕ್ಕಳ ಆ ಉತ್ಸಾಹವನ್ನು ಕಂಡು, ಗಣಿತಕ್ಕೂ ಉಪಯೋಗವಾದೀತೆಂದು, ನಮ್ಮ ತಂಡಕ್ಕೂ ಅಂಕ ಕೊಡಿಸೋಣವೆಂದು ವ್ಯಾಯಾಮ ಶಿಕ್ಷಕರಿಗೆ ನಾವು ಹೇಳಿದೆವು. ಅವರಿಗೆ ಅಷ್ಟು ಮನಸ್ಸಿರಲಿಲ್ಲ. ಮುಖ್ಯೋಪಾಧ್ಯಾಯಿನಿಯ ಮಾತೆಂದು ಒಪ್ಪಿಕೊಂಡರು. ಗೋಲು, ಗೋಲಿಗೆ ಕೊಟ್ಟ ಪಾಸು, ಗೋಲಿನತ್ತ ಒದೆತ, ಬಿಟ್ಟುಕೊಟ್ಟ ಗೋಲು ಎಂದು ನಾಲ್ಕು ಕಲಮುಗಳು. ಅಂಕಗಳನ್ನು ಸೂಚನಾ ಫಲಕಕ್ಕೆ ಅಂಟಿಸಿದ್ದು ನಮ್ಮ ಅಪ್ಪಣೆಯಿಂದಲೇ.

ನಮ್ಮ ಬಯಲನ್ನು ಹಳೆಯ ವಿದ್ಯಾರ್ಥಿಗಳಿಗೆ ವರ್ಣಿಸಬೇಕಾಗಿಲ್ಲ. ಕೆತ್ತಿಯಲ್ಲಿ ಸಮತಟ್ಟು ನೆಲ ದುರ್ಲಭ. ಬಯಲಿನ ಒಂದು ಅಂಚು ಚಹಾ ತೋಟದ ಕಡೆಗೆ ಇಳಿಯುತ್ತದೆ. ಚೆಂಡು ಆ ಅಂಚಿಗೆ ಬಂತೆಂದರೆ ಉರುಳಿ ಗಿಡಗಳ ನಡುವೆ ಸೇರುತ್ತದೆ. ಮಧ್ಯಾಹ್ನದ ಮೇಲೆ ಕಣಿವೆಯಿಂದ ಮಂಜು ಎದ್ದರೆ ಆಚೆಯ ಗೋಲುಗಂಬ ಕಾಣದು. ಅಂಕ ಬರೆಯುವವರು ಕೂರುತ್ತಿದ್ದುದು ಮೇಲಿನ ಅಂಚಿನ ಮೆಟ್ಟಿಲ ಮೇಲೆ. ಇಳಿಜಾರಿನ ಕಡೆ ಬ್ಯಾಕ್ ಸ್ಥಾನದಲ್ಲಿ ಆಡುತ್ತಿದ್ದವನು ಪಕ್ಕದ ಹಟ್ಟಿಯ ಒಬ್ಬ ಹುಡುಗ; ಒಂಬತ್ತನೆಯ ತರಗತಿ, ಮಾತು ಕಡಿಮೆ. ಮೊದಲ ಮೂರು ಕಲಮುಗಳಲ್ಲಿ ಅವನಿಗೆ ಸೊನ್ನೆ. ನಾಲ್ಕನೆಯದರಲ್ಲಿ ತಂಡ ಬಿಟ್ಟುಕೊಟ್ಟ ಗೋಲುಗಳೆಲ್ಲ ಗೋಲ್‌ಕೀಪರನೊಡನೆ ಅವನ ತಲೆಗೂ ಬೀಳುತ್ತಿದ್ದವು. ಹತ್ತಕ್ಕೆ ಮೂರು, ಮತ್ತೊಮ್ಮೆ ಎರಡು. ಮೂರನೆಯ ವಾರ ಅವನು ಬಯಲಿಗೆ ಬರಲಿಲ್ಲ. ಅದರ ಮುಂದಿನ ವಾರ ಶಾಲೆಗೂ ಬರಲಿಲ್ಲ.

ಅವನ ತಾಯಿ ತೋಟದ ಕೆಲಸ ಮುಗಿಸಿಕೊಂಡು ಒಂದು ಸಂಜೆ ಬಂದರು. ಕುರ್ಚಿಯಲ್ಲಿ ಕೂರಿ ಎಂದರೂ ಕೂರಲಿಲ್ಲ. "ಟೀಚರ್, ಓದಿನಲ್ಲಿ ಮಾರ್ಕು ಕಡಿಮೆ ಬಂದ್ರೆ ಆಟದಲ್ಲಾದ್ರೂ ಖುಷಿಯಾಗಿದಾನಲ್ಲ ಅಂತ ನಾವು ಸಮಾಧಾನ ಮಾಡ್ಕೊಳ್ತಿದ್ವಿ. ಆಟಕ್ಕೂ ಮಾರ್ಕು ಹಾಕಿ ಬೋರ್ಡಿಗೆ ಅಂಟಿಸಿಬಿಟ್ರೆ ಅವನು ಇನ್ನೆಲ್ಲಿಗೆ ಹೋಗ್ಬೇಕು?" ಎಂದರು. ನಾವು ಏನು ಹೇಳಿದೆವೆಂಬುದು ನೆನಪಿಲ್ಲ. ಹೇಳುವಂಥದೇನೂ ಇರಲಿಲ್ಲ.

ಪಟ್ಟಿಯನ್ನು ಮರುದಿನ ಬೆಳಿಗ್ಗೆ ತೆಗೆಸಿದೆವು. ನಂತರದ ಪಂದ್ಯಕ್ಕೆ ನಾವೇ ಹೋಗಿ, ಮೇಲಿನ ಮೆಟ್ಟಿಲಲ್ಲಿ ಕೂರದೆ ಕೆಳಗಿನ ಅಂಚಿನಲ್ಲಿ ನಿಂತೆವು. ಚೆಂಡು ಮತ್ತೆ ಮತ್ತೆ ಇಳಿಜಾರಿಗೆ ಬರುತ್ತಿತ್ತು; ಅದನ್ನು ಚಹಾ ಗಿಡಗಳಿಗೆ ಬೀಳುವ ಮೊದಲೇ ತಡೆದು, ಏರಿನ ಕಡೆಗೆ ಒದ್ದು ಕಳುಹಿಸುವವರು ಆ ದಿನ ಯಾರೂ ಇರಲಿಲ್ಲ. ಹುಡುಗರು ಆಟ ನಿಲ್ಲಿಸಿ ತೋಟಕ್ಕಿಳಿದು ಚೆಂಡು ಹುಡುಕುವುದೇ ಆಯಿತು. ಅದುವರೆಗೆ ಅಷ್ಟು ಸಲ ಆಟ ನಿಂತುದನ್ನು ತಾವು ಕಂಡಿರಲಿಲ್ಲವೆಂದು ವ್ಯಾಯಾಮ ಶಿಕ್ಷಕರು ಹೇಳಿದರು. ಅದಕ್ಕೆ ನಮ್ಮಲ್ಲಿ ಕಲಮಿರಲಿಲ್ಲ.

ಹುಡುಗನನ್ನು ಕರೆತರಲು ನಾವು ಮೂರು ಸಲ ಹಟ್ಟಿಗೆ ಹೋಗಬೇಕಾಯಿತು. ಶಾಲೆಗೆ ಮರಳಿದ, ಹತ್ತನೆಯ ತರಗತಿ ಮುಗಿಸಿದ. ತಂಡಕ್ಕೆ ಮಾತ್ರ ಮರಳಲಿಲ್ಲ. ಬಿಡುವಿನ ವೇಳೆಯಲ್ಲಿ ಚಿಕ್ಕ ಮಕ್ಕಳಿಗೆ ಚೆಂಡು ಒದೆಯುವುದನ್ನು ಹೇಳಿಕೊಡುತ್ತಿದ್ದುದನ್ನು ಕಿಟಕಿಯಿಂದ ನೋಡಿದ್ದೇವೆ.

ನೋಟುಪುಸ್ತಕವನ್ನು ನಾವು ನಾಶಮಾಡಿಲ್ಲ. ಎಣಿಕೆಯನ್ನೂ ನಿಲ್ಲಿಸಿಲ್ಲ, ರೀಪ್ ಅವರ ಮೇಲೆ ನಮಗೆ ಇರುವ ಗೌರವ ಹುಸಿಯಲ್ಲ. ಈಗ ಅದರಲ್ಲಿ ಆರು ಕಲಮುಗಳಿವೆ. ಐದನೆಯದು 'ತಡೆದ ಚೆಂಡು'. ಆರನೆಯದಕ್ಕೆ ಶೀರ್ಷಿಕೆಯಿಲ್ಲ, ಪಂದ್ಯ ಮುಗಿದ ಮೇಲೆ ಹುಡುಗರೇ ಒಬ್ಬರ ಬಗ್ಗೆ ಒಬ್ಬರು ಹೇಳಿದ್ದನ್ನು ವ್ಯಾಯಾಮ ಶಿಕ್ಷಕರು ಅಲ್ಲಿ ಬರೆಯುತ್ತಾರೆ. ಹತ್ತಕ್ಕೆ ಇಷ್ಟು ಎಂಬ ಕಡೆಯ ಸಾಲನ್ನು ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದೇವೆ. ಪುಸ್ತಕವು ವ್ಯಾಯಾಮ ಶಿಕ್ಷಕರ ಕಪಾಟಿನಲ್ಲಿರುತ್ತದೆ. ಉತ್ಸವದ ದಿನಗಳಲ್ಲಿ ಶಾಲೆಗೆ ಬರುವ ಹಳೆಯ ಆಟಗಾರರು ತಮ್ಮ ಕಾಲದ ಪಂದ್ಯಗಳಲ್ಲಿ ನೆನಪಿರುವುದನ್ನು, ಮುಖ್ಯವಾಗಿ ಗೋಲು ಹೊಡೆಯದವರ ಹೆಸರುಗಳನ್ನು, ಅದರ ಹಿಂಬದಿಯ ಖಾಲಿ ಹಾಳೆಗಳಲ್ಲಿ ಬರೆದುಕೊಡಬೇಕೆಂದು ಕೋರುತ್ತೇವೆ. ನಲವತ್ತಕ್ಕೂ ಹೆಚ್ಚು ಹಾಳೆಗಳು ಉಳಿದಿವೆ.